ಆರು ಬೆಳ್ಳಿ ಬಿಲ್ಲೆಗಳು

ಕಳೆದ ತಿಂಗಳು ತಂಗಿಯ ಮನೆಗೆ ಹೋಗಿದ್ದೆ. ಮಾರನೆಯ ದಿನ ಗೃಹಪ್ರವೇಶ. ನಡುಮನೆಯಲ್ಲಿ ನಾಲ್ಕೈದು ಹೆಂಗಸರು ಕೂತು ಬೆಳ್ಳಿ ಸಾಮಾನು ಉಜ್ಜುತ್ತಿದ್ದರು. ಈಗ ಅದಕ್ಕೆಂದೇ ಏನೇನೋ ಪುಡಿಗಳು ಬಂದಿವೆ, ಆದರೆ ತಂಗಿಗೆ ಹಳೆಯ ಅಭ್ಯಾಸ, ವಿಭೂತಿಯೇ ಆಗಬೇಕು. ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿ ಬೆಳ್ಳಿ ತಿಕ್ಕಿದರೆ ಒಂದು ವಾಸನೆ ಬರುತ್ತದೆ. ಬೂದಿಯದ್ದೂ ಅಲ್ಲ, ಲೋಹದ್ದೂ ಅಲ್ಲ, ನಾಲಿಗೆಯ ತುದಿಗೆ ತಾಗಿದಂತಾಗುವ ತಣ್ಣನೆಯ ವಾಸನೆ. "ಅಕ್ಕ, ನೀನೂ ಒಂದೆರಡು ಲೋಟ ತಕೊ" ಎಂದಳು ತಂಗಿ. ಬೆರಳು ನೋವು ಎಂದು ಸುಳ್ಳು ಹೇಳಿ ಹಿತ್ತಲಿಗೆ ಹೋಗಿ ಕೂತೆ. ಐವತ್ತು ವರ್ಷದ ಮೇಲಾಯಿತು, ನಾನು ಬೆಳ್ಳಿ ಉಜ್ಜಿಲ್ಲ. ಯಾಕೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ...

ಅರವತ್ತರ ದಶಕದ ಕೊನೆಯ ವರ್ಷಗಳು. ಕೊಳ್ಳೇಗಾಲದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಸೇರಿದಾಗ ನನಗೆ ಇಪ್ಪತ್ಮೂರು ವಯಸ್ಸು. ನಮ್ಮೂರು ಯಳಂದೂರು ತಾಲ್ಲೂಕಿನ ಅಗರ. ದೂರವೇನಲ್ಲ, ಆದರೆ ಬಸ್ಸು ನಂಬಿಕೊಂಡು ದಿನಾ ಓಡಾಡುವುದು ಬೇಡವೆಂದು ಅಪ್ಪ ನೇಕಾರರ ಬೀದಿಯ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದುಕೊಟ್ಟರು. ಒಂದು ಉದ್ದ ಹಜಾರಕ್ಕೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಈ ಕಡೆ ನಾನು. ಆ ಕಡೆ ನಮ್ಮ ಸ್ಕೂಲಿನವರೇ ಆದ ಸೈನ್ಸ್ ಟೀಚರ್. ಗೋಡೆ ಸೂರಿನವರೆಗೆ ಹೋಗಿರಲಿಲ್ಲ. ಅವರು ಲೋಟ ಕೆಳಗಿಟ್ಟರೂ ನನಗೆ ಕೇಳುತ್ತಿತ್ತು.

ಮುಂದಿನ ಮನೆಯಲ್ಲಿದ್ದ ಓನರಮ್ಮ, ರೇಷ್ಮೆ ವ್ಯಾಪಾರಸ್ಥರ ಮನೆಯವರು, ನಾನು ಬಂದ ದಿನವೇ ದನಿ ತಗ್ಗಿಸಿ ಹೇಳಿದ್ದರು. "ಆಯಮ್ಮ ಬೆಂಗ್ಳೂರಲ್ಲಿ ಬಾರೀ ಓದು ಓದಕ್ಕೆ ಓಗಿದ್ಲಂತೆ ಕಣವ್ವ. ಅಲ್ಲಿ ಏನಾಯ್ತೋ ಏನೋ, ಅರ್ಧಕ್ಕೇ ಬುಟ್ಬುಟ್ಟು ಬಂದವ್ಳೆ. ಮದ್ವೆನೂ ಇಲ್ಲ. ಮಾತು ಜಾಸ್ತಿ ಇಲ್ಲ. ನಿನ್ ಪಾಡ್ಗೆ ನೀನಿರು."

ಸೈನ್ಸ್ ಟೀಚರಿಗೆ ಆಗ ಮೂವತ್ತೈದು ದಾಟಿತ್ತು. ಎತ್ತರದ, ಸ್ವಲ್ಪ ಬಾಗಿದ ಮೈ. ಯಾವಾಗಲೂ ನೀಲಿ ಅಥವಾ ಬೂದು ಬಣ್ಣದ ಸೀರೆ, ಸೆರಗಿನಲ್ಲಿ ಎಲ್ಲೋ ಒಂದು ಕಡೆ ಆಸಿಡ್ ಬಿದ್ದ ತೂತು. ಊಟವನ್ನು ನಿಂತುಕೊಂಡೇ ಮಾಡುತ್ತಿದ್ದರು. ಹುಟ್ಟಿದ್ದು ಹನೂರಿನಲ್ಲಿ, ಅಪ್ಪ ಫಾರೆಸ್ಟ್ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ಈ ಸೀಮೆ ಐವತ್ತಾರಕ್ಕೆ ಮೊದಲು ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲ, ಹಾಗಾಗಿ ಅವರ ಕಾಲೇಜು ಓದೆಲ್ಲ ಕೊಯಮತ್ತೂರಿನಲ್ಲೇ ಆಗಿತ್ತು. ಮಾತು ಕನ್ನಡ, ಎಣಿಕೆ ಮಾತ್ರ ತಮಿಳು. ಸಂಜೆ ಗೋಡೆಯಾಚೆಯಿಂದ "ಒಣ್ಣು, ರೆಂಡು, ಮೂಣು" ಎಂದು ಮೆಲ್ಲಗೆ ಕೇಳಿಸುತ್ತಿತ್ತು. ಏನು ಎಣಿಸುತ್ತಾರೋ ಎಂದು ಮೊದಮೊದಲು ನನಗೆ ಸ್ವಲ್ಪ ಹೆದರಿಕೆಯೂ ಆಗಿತ್ತು.

ಆರು ತಿಂಗಳು ನಾವು ಸ್ಕೂಲಿಗೆ ಒಂದೇ ದಾರಿಯಲ್ಲಿ ಬೇರೆ ಬೇರೆ ಹೋಗುತ್ತಿದ್ದೆವು. ಒಂದು ಭಾನುವಾರ ನನಗೆ ಜ್ವರ ಬಂತು. ಎದ್ದು ನೀರು ಕುಡಿಯಲೂ ಆಗದೆ ಮಲಗಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಮೆಣಸಿನ ಸಾರು, ಮೆತ್ತಗಿನ ಅನ್ನ ಹಿಡಿದು ನಿಂತಿದ್ದರು.

"ಬೆಳಿಗ್ಗೆಯಿಂದ ನಿಮ್ಮ ಕಡೆ ಸದ್ದೇ ಇಲ್ಲ. ಅದಕ್ಕೆ ಬಂದೆ" ಎಂದರು.

ನನ್ನ ಸದ್ದನ್ನೂ ಒಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದದ್ದು ಆವತ್ತೇ. ಅಲ್ಲಿಂದ ಮುಂದೆ ಸಂಜೆಯ ಕಾಫಿ ಅವರಲ್ಲಿ, ಇಲ್ಲವೇ ನನ್ನಲ್ಲಿ. ಅವರು ನನ್ನನ್ನು "ಕನ್ನಡ ಟೀಚರೇ" ಎಂದು ಕರೆಯುತ್ತಿದ್ದರು. ನಾನು ಅವರನ್ನು ಬರೀ "ಟೀಚರ್" ಎನ್ನುತ್ತಿದ್ದೆ. ಹನ್ನೆರಡು ವರ್ಷ ಚಿಕ್ಕವಳಾದರೂ ಕೊನೆಯವರೆಗೂ ನನಗೆ ಬಹುವಚನವೇ.

ಬೆಂಗಳೂರಿನ ವಿಷಯ ನಾನು ಕೇಳಲಿಲ್ಲ. ಅವರಾಗಿಯೇ ಒಂದು ದಿನ, ಹಾಲು ಉಕ್ಕುವುದನ್ನು ಕಾಯುತ್ತಾ, ಹೇಳಿದರು. ಅಲ್ಲಿನ ಒಂದು ದೊಡ್ಡ ಪ್ರಯೋಗಶಾಲೆಯಲ್ಲಿ ಸಂಶೋಧನೆಗೆ ಸೇರಿದ್ದರಂತೆ. ಲೇಸರ್ ಎಂಬ ಹೊಸ ದೀಪ ಆಗಷ್ಟೇ ಬಂದಿತ್ತಂತೆ.

"ಕೆಂಪು ಬೆಳಕನ್ನ ಬೆಳ್ಳಿ ಮೇಲೆ ಬಿಟ್ರೆ ಕೆಂಪೇ ತಿರುಗಿ ಬರಬೇಕು, ಕನ್ನಡೀಲಿ ಬಂದ ಹಾಗೆ. ಅಲ್ವಾ? ಆದ್ರೆ ಆ ಬೆಳಕು ತುಂಬಾ ಜೋರಾಗಿದ್ರೆ ಬೆಳ್ಳಿ ಸುಮ್ನಿರಲ್ಲ. ತನ್ನ ಕಡೆಯಿಂದ ಇನ್ನೊಂದು ಬೆಳಕು ಕೊಡುತ್ತೆ. ನೇರಳೆಗೂ ಆಚೆಯದು. ಕಣ್ಣಿಗೆ ಕಾಣಲ್ಲ, ಅದಕ್ಕೇ ಅಂತ ಇರೋ ಮೀಟರಿಗೆ ಮಾತ್ರ ಗೊತ್ತಾಗುತ್ತೆ."

"ಎಷ್ಟು ಬರುತ್ತೆ ಟೀಚರ್?"

"ಇದೆಯೋ ಇಲ್ವೋ ಅನ್ನೋ ಅಷ್ಟು. ಆದ್ರೆ ನನ್ನ ಹತ್ರ ಒಂದು ತುಂಡು ಬೆಳ್ಳಿ ಇತ್ತು. ಅದು ಎಲ್ಲಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಡ್ತು. ಮೂರು ಸಲ ನೋಡ್ದೆ. ಮೂರು ಸಲಾನೂ ಕೊಡ್ತು." ಹಾಲು ಉಕ್ಕಿತು. ಒಲೆ ಆರಿಸಿದರು. "ಯಾರೂ ನಂಬಲಿಲ್ಲ."

ಅಮ್ಮನಿಗೆ ಕಾಯಿಲೆಯಾಯಿತು, ಸ್ಕಾಲರ್‌ಶಿಪ್ಪಿನ ಅವಧಿ ಮುಗಿಯಿತು, ಹನೂರಿಗೆ ಬಂದರು. ಅಮ್ಮ ಉಳಿಯಲಿಲ್ಲ. ಇವರು ತಿರುಗಿ ಹೋಗಲಿಲ್ಲ. ಹೇಳಿದ್ದು ಇಷ್ಟೇ. ನನಗೂ ಅರ್ಥವಾಗಿದ್ದು ಅಷ್ಟಕ್ಕಷ್ಟೇ. ಬೆಳ್ಳಿಯ ಮಾತಾಡುವಾಗ ಅವರ ಮುಖ ಹದಿನೆಂಟರ ಹುಡುಗಿಯ ಹಾಗೆ ಆಗಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಪ್ರತಿವರ್ಷ ಬೇಸಿಗೆ ರಜಕ್ಕೆ ಮೊದಲು ಅವರು ಆ ಪ್ರಯೋಗಶಾಲೆಗೆ ಒಂದು ಕಾಗದ ಬರೆಯುತ್ತಿದ್ದರು, ಕೆಲವು ದಿನ ಯಂತ್ರ ಬಳಸಲು ಅವಕಾಶ ಕೊಡಿ ಎಂದು. ಉತ್ತರ ಬರುತ್ತಿರಲಿಲ್ಲ. ನಾನು ಬಂದ ಮೂರನೆಯ ವರ್ಷ ಉತ್ತರ ಬಂತು. ಇವರಿಗಿಂತ ಕಿರಿಯನಾಗಿದ್ದ ಹುಡುಗನೊಬ್ಬ ಈಗ ಆ ಯಂತ್ರದ ಉಸ್ತುವಾರಿಗೆ ಬಂದಿದ್ದನಂತೆ. ಮೇ ತಿಂಗಳಲ್ಲಿ ಮೂರು ದಿನ ಕೊಡುತ್ತೇನೆ, ನಿಮ್ಮ ಬೆಳ್ಳಿ ತಂದು ತೋರಿಸಿ ಎಂದು ಬರೆದಿದ್ದ. ಆ ಕಾಗದವನ್ನು ಸ್ಟಾಫ್ ರೂಮಿನಲ್ಲಿ ನನ್ನ ಕೈಗಿಟ್ಟು ಕಿಟಕಿಯ ಕಡೆ ತಿರುಗಿ ನಿಂತರು.

ಬೆಳ್ಳಿ ಬೇಕಿತ್ತು. ಅವರಲ್ಲಿದ್ದದ್ದು ಅಮ್ಮನ ಊಟದ ತಟ್ಟೆ ಒಂದೇ. ನಾವಿಬ್ಬರೂ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ಪೇಟೆಯ ಅಕ್ಕಸಾಲಿಗರ ಬಳಿಗೆ ಹೋದೆವು. ನಡುವಿನ ತಳ ಕತ್ತರಿಸಿ, ರೂಪಾಯಿ ಅಗಲದ ಆರು ಬಿಲ್ಲೆ ಮಾಡಿಕೊಡಬೇಕು ಎಂದರು ಟೀಚರ್. ಆ ಮುದುಕ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅವ್ವನ್ ತಟ್ಟೆ ಅಂತೀರಿ. ಉಂಡಿರೋ ಗುರ್ತು ಇನ್ನೂ ಅದೆ. ಇದ್ಕೆ ಕತ್ರಿ ಆಕಕ್ಕೆ ನಂಗ್ ಕೈ ಬರಾಕಿಲ್ಲ ಕಣವ್ವ. ಬ್ಯಾರೆ ಬೆಳ್ಳಿ ತಕಳಿ."

"ಇದೇ ಆಗಬೇಕು, ಆಚಾರ್ರೇ. ಅವ್ವ ಇದ್ದಿದ್ರೆ ಅವಳೇ ಕೊಡೋಳು."

ಅವರು ಕತ್ತರಿಸಿದರು. ಕತ್ತರಿಸುವಾಗ ಟೀಚರ್ ನೋಡುತ್ತಲೇ ಇದ್ದರು. ನಾನು ನೋಡಲಾರದೆ ರಸ್ತೆಗೆ ಮುಖ ಮಾಡಿದೆ.

ಆಮೇಲಿನ ಎರಡು ತಿಂಗಳು ಸ್ಕೂಲು ಬಿಟ್ಟೊಡನೆ ಅವರು ಮನೆ ಸೇರುತ್ತಿದ್ದರು. ಗಾಜಿನ ಲೋಟದಲ್ಲಿ ಉಪ್ಪುನೀರು, ಟಾರ್ಚಿನ ಸೆಲ್ಲು, ತಂತಿ. ಬೆಳ್ಳಿಯ ಬಿಲ್ಲೆಯನ್ನು ನೀರಿನಲ್ಲಿ ಇಳಿಬಿಟ್ಟು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಕರೆಂಟು ಹರಿಸುವರು. ಒಣ್ಣು, ರೆಂಡು, ಮೂಣು... ಎಣಿಸುತ್ತಿದ್ದದ್ದು ಸೆಕೆಂಡುಗಳನ್ನು. ನಾನು ಬಾಗಿಲಲ್ಲಿ ನಿಂತು ಏನು ಮಾಡುತ್ತಿದ್ದೀರಿ ಎಂದರೆ "ಬೆಳ್ಳೀನ ತಯಾರು ಮಾಡ್ತಿದ್ದೀನಿ" ಎನ್ನುತ್ತಿದ್ದರು. ಬೆಳ್ಳಿ ತಯಾರು ಮಾಡುವುದೆಂದರೆ ನನ್ನ ಪಾಲಿಗೆ ಒಂದೇ ಅರ್ಥ. ಅಗರದಲ್ಲಿ ನಮ್ಮವ್ವ ಹಬ್ಬಕ್ಕೆ ಮುಂಚೆ ಮಾಡುತ್ತಿದ್ದದ್ದು.

ಹೊರಡುವ ಹಿಂದಿನ ದಿನ ಅವರು ಹನೂರಿಗೆ, ಚಿಕ್ಕಮ್ಮನನ್ನು ನೋಡಿ ಬರಲು ಹೋದರು. ಓನರಮ್ಮ ಅದೇ ದಿನ ಆ ಕಡೆಯ ಕೋಣೆಗೆ ಸುಣ್ಣ ಹೊಡೆಸುವವರಿದ್ದರು. ಟೀಚರ್ ಒಂದು ತಗಡಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು. "ಸುಣ್ಣದ ಧೂಳು ಬೀಳೋದು ಬೇಡ. ನಿಮ್ಮ ಹತ್ರ ಇರಲಿ." ತೆಗೆಯಬೇಡಿ ಎನ್ನಲಿಲ್ಲ. ಎನ್ನಬೇಕಾಗಿದೆ ಎಂದು ಅವರಿಗೆ ಹೊಳೆದಿರಲಾರದು...

ಮಧ್ಯಾಹ್ನ ಡಬ್ಬಿ ತೆಗೆದೆ. ತೆಳು ಕಾಗದದಲ್ಲಿ ಒಂದೊಂದಾಗಿ ಸುತ್ತಿದ್ದ ಆರು ಬಿಲ್ಲೆ. ಬಿಚ್ಚಿ ನೋಡಿದೆ. ಒಂದರಲ್ಲೂ ಹೊಳಪಿರಲಿಲ್ಲ. ಬೂದು ಬಣ್ಣ. ಒಂದೆರಡು ಹಳದಿಗೆ ತಿರುಗಿದ್ದವು. ಹಾಲಿನ ಕೆನೆ ಒಣಗಿ ಅಂಟಿಕೊಂಡ ಹಾಗೆ ಮಂಕು. ಪಾಪ, ಇಷ್ಟು ಕಷ್ಟಪಟ್ಟಿದ್ದು ಕೆಟ್ಟುಹೋಗಿದೆ, ಅವರು ನೋಡಿಕೊಂಡಿಲ್ಲ ಎಂದುಕೊಂಡೆ. ನಾಳೆ ಅಷ್ಟು ದೊಡ್ಡವರ ಮುಂದೆ ಇಂಥ ಬೆಳ್ಳಿ ಹಿಡಿದು ನಿಂತರೆ ನಗುವುದಿಲ್ಲವೇ? ಮೊದಲೇ ಯಾರೂ ನಂಬಿರಲಿಲ್ಲ.

ದೇವರ ಗೂಡಿನಿಂದ ವಿಭೂತಿ ಗಟ್ಟಿ ತೆಗೆದುಕೊಂಡೆ. ಮೆತ್ತನೆಯ ಹಳೇ ರವಿಕೆಯ ಬಟ್ಟೆ. ಸಂಜೆಯವರೆಗೆ ಕೂತು ಆರನ್ನೂ ಉಜ್ಜಿದೆ. ಅಷ್ಟು ಭಕ್ತಿಯಿಂದ ನಾನು ಪೂಜೆಯನ್ನೂ ಮಾಡಿದವಳಲ್ಲ. ಒಂದೊಂದರಲ್ಲೂ ನನ್ನ ಮುಖ ಕಾಣಿಸತೊಡಗಿತು. ಹಾಗೆಯೇ ಕಾಗದ ಸುತ್ತಿ ಡಬ್ಬಿಗಿಟ್ಟೆ. ಹೇಳಲಿಲ್ಲ. ಅಲ್ಲಿ ಬಿಚ್ಚಿದಾಗ ಆಶ್ಚರ್ಯಪಡಲಿ ಎಂದು.

ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನಾನೇ ಡಬ್ಬಿ ಹಿಡಿದುಕೊಂಡು ಹೋದೆ. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತರು. ಬಸ್ಸು ಹೊರಟಾಗ, ಯಾವತ್ತೂ ಕೈ ಬೀಸದವರು, ಕೈ ಬೀಸಿದರು.

ನಾಲ್ಕನೆಯ ದಿನ ಮಧ್ಯಾಹ್ನ ಆ ಕಡೆ ಬೀಗ ತೆಗೆದ ಸದ್ದು ಕೇಳಿತು. ಬರುತ್ತಾರೆಂದು ಕಾದೆ. ಬರಲಿಲ್ಲ. ಸಂಜೆ ನಾನೇ ಹೋದೆ. ಹೊಸ ಸುಣ್ಣದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು.

"ಏನಾಯ್ತು ಟೀಚರ್?"

"ಬರಲಿಲ್ಲ."

"ಬೆಳಕು?"

"ಹೂಂ. ಬರಲಿಲ್ಲ."

ನನಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅಷ್ಟು ಚೆನ್ನಾಗಿ ಹೊಳೀತಿದ್ವಲ್ಲ! ವಿಭೂತಿ ಹಾಕಿ ಉಜ್ಜಿದ್ದೆ ನಾನು" ಎಂದೆ.

ಅವರು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಎದ್ದು ಒಲೆ ಹಚ್ಚಿ ಕಾಫಿಗೆ ನೀರಿಟ್ಟರು. ನನಗೆ ಬೆನ್ನು ಮಾಡಿಕೊಂಡೇ ಉಳಿದದ್ದನ್ನು ಹೇಳಿದರು. ಅಂದು ಅವರ ಬೆಳ್ಳಿ ಹೆಚ್ಚು ಬೆಳಕು ಕೊಟ್ಟಿದ್ದು ಅದು ನುಣುಪಾಗಿದ್ದರಿಂದಲ್ಲ. ಉಪ್ಪುನೀರಿನಲ್ಲಿ ಅಚಾನಕ್ಕಾಗಿ ಕೆಟ್ಟು ಮಂಕಾಗಿದ್ದ ತುಂಡು ಅದು. ಆ ಮಂಕೆಂದರೆ ಕೊಳೆಯಲ್ಲ. ಬೆಳ್ಳಿಯದೇ ಉಬ್ಬುತಗ್ಗು, ಯಾವ ಭೂತಗನ್ನಡಿಗೂ ಕಾಣದಷ್ಟು ಸಣ್ಣದು. ಬೆಳಕು ಆ ಉಬ್ಬುಗಳ ತುದಿಯಲ್ಲಿ ಒಟ್ಟಾಗಿ ಬಲಗೊಳ್ಳುತ್ತದೆ ಎಂಬುದು ಅವರ ನಂಬಿಕೆ. ಅವರ ಪ್ರೊಫೆಸರು ಕೊಳೆ ಎಂದಿದ್ದರು. ಉಜ್ಜಿ ಮತ್ತೆ ನೋಡು ಎಂದಿದ್ದರು. ಇವರು ಉಜ್ಜಿದ್ದರು. ಬೆಳಕು ಹೋಗಿತ್ತು. ನೋಡಿದೆಯಾ, ಕೊಳೆ ಹೋಯಿತು ಬೆಳಕೂ ಹೋಯಿತು ಎಂದು ಪ್ರೊಫೆಸರು ಎದ್ದು ಹೋಗಿದ್ದರು.

"ಆ ಮಂಕಲ್ಲೇ ಇತ್ತು ಕಣ್ರೀ ಎಲ್ಲಾ" ಎಂದರು.

ಅಲ್ಲಿ ಡಬ್ಬಿ ಬಿಚ್ಚಿದಾಗ ಆರೂ ಕನ್ನಡಿಯಾಗಿದ್ದವು. ಉಪ್ಪು ತರಿಸಿ, ಸೆಲ್ಲು ತರಿಸಿ, ಒಂದನ್ನಾದರೂ ಮತ್ತೆ ಮಾಡಲು ಕೂತರಂತೆ. ಮೂರನೆಯ ದಿನ ಅದನ್ನು ಯಂತ್ರದ ಮುಂದೆ ಇಡುವ ಹೊತ್ತಿಗೆ ಯಂತ್ರದ ದೀಪ ಸುಟ್ಟುಹೋಯಿತು. ಹೊಸದು ಪರದೇಶದಿಂದ ಬರಬೇಕು, ತಿಂಗಳುಗಟ್ಟಲೆ ಆಗುತ್ತದೆ. ಆ ಕಿರಿಯ "ಹೋಗಲಿ ಬಿಡಿ ಮೇಡಂ, ಇಷ್ಟು ವರ್ಷ ಆದ ಮೇಲೆ ಯಾಕೆ" ಎಂದು ಬಸ್ಸಿನವರೆಗೆ ಬಂದು ಬಿಟ್ಟುಹೋದ. ಪಕ್ಕದ ಮನೆಯವರು ಉಜ್ಜಿಬಿಟ್ಟಿದ್ದಾರೆ ಎಂದು ಅವನಿಗೆ ಹೇಳಲಿಲ್ಲವೇ ಎಂದು ಕೇಳಿದೆ.

"ಹೇಳಿದ್ರೆ ನೆಪ ಅನ್ಕೊಳ್ಳೋನು" ಎಂದರು. ಕಾಫಿ ಲೋಟ ನನ್ನ ಮುಂದಿಟ್ಟರು. "ಕುಡೀರಿ. ಆರಿಹೋಗುತ್ತೆ."

ಕುಡಿದೆ. ಹೇಗೆ ಕುಡಿದೆನೋ.

ನನ್ನ ಕಾಲ್ಗೆಜ್ಜೆ ಕೊಡುತ್ತೇನೆ, ಮತ್ತೆ ಮಾಡಿ ಎಂದು ಅತ್ತೆ. "ಬೆಳ್ಳಿಗೇನು, ಇದೇ ಇದೆಯಲ್ಲ. ಕರೆಯೋರು ಬೇಕಲ್ಲ" ಎಂದರು. ಮುಂದಿನ ವರ್ಷವೂ ಕಾಗದ ಬರೆದರು. ಆ ಕಿರಿಯ ಹೊರದೇಶಕ್ಕೆ ಹೋಗಿದ್ದಾನೆಂದು ಯಾರೋ ಎರಡು ಸಾಲು ಉತ್ತರ ಹಾಕಿದರು.

ಇಷ್ಟರವರೆಗಿನದು ತಿಳಿಯದೆ ಮಾಡಿದ್ದು. ಇದನ್ನು ನಾನು ಎಂದೋ ಕ್ಷಮಿಸಿಕೊಂಡಿದ್ದೇನೆ. ಆಮೇಲೆ ಮಾಡಿದ್ದನ್ನು ತಿಳಿದೇ ಮಾಡಿದೆ. ಅವರ ಮುಖ ನೋಡಲಾರದೆ ನಾನು ಆ ಕಡೆ ಹೋಗುವುದನ್ನು ನಿಲ್ಲಿಸಿಬಿಟ್ಟೆ. ಮೊದಲು ಪೇಪರ್ ತಿದ್ದುವುದಿದೆ ಎಂದೆ. ಆಮೇಲೆ ತಲೆನೋವು ಎಂದೆ. ಸಂಜೆ ಅವರು ಬಂದು ಬಾಗಿಲು ತಟ್ಟಿದರೆ ಒಳಗೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ, ಸದ್ದು ಮಾಡದೆ. ನನ್ನ ಸದ್ದು ಅವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು... ಒಳಗಿದ್ದೇನೆಂದು ಗೊತ್ತಿದ್ದೇ ಅವರು ತಿರುಗಿ ಹೋಗುತ್ತಿದ್ದರು. ಕೆಲವು ವಾರದ ಮೇಲೆ ತಟ್ಟುವುದನ್ನೂ ಬಿಟ್ಟರು. ಗೋಡೆಯಾಚೆ ಅವರು ಒಂದೇ ಲೋಟ ತೊಳೆಯುವುದು ಕೇಳಿಸುತ್ತಿತ್ತು. ನಾನೂ ಈಚೆ ಒಂದೇ ಲೋಟ ತೊಳೆಯುತ್ತಿದ್ದೆ.

ಆ ವರ್ಷ ಒಂದು ದಿನ ಸ್ಕೂಲಿನ ಲ್ಯಾಬಿನಿಂದ ಹುಡುಗಿಯರು ಕೂಗಾಡುತ್ತಾ ಹೊರಗೆ ಬಂದರು. ಎಲ್ಲರ ಕೈಯಲ್ಲೂ ಒಂದೊಂದು ಗಾಜಿನ ಕೊಳವೆ, ಒಳಗೆಲ್ಲ ಬೆಳ್ಳಿ ಹಿಡಿದು ಫಳಫಳ. "ಕನ್ನಡಿ ಮಾಡಿದ್ವಿ ಮಿಸ್! ನಾವೇ ಮಾಡಿದ್ವಿ!" ಎಂದು ಒಬ್ಬಳು ನನ್ನ ಮುಖಕ್ಕೆ ಹಿಡಿದಳು. ಸ್ಕೂಲಿನಲ್ಲಿ ಅಂಥ ಪ್ರಯೋಗಕ್ಕೆ ಬೇಕಾದ ಬೆಳ್ಳಿಯ ಲವಣ ತರಿಸಲು ಎಂದೂ ಆಗಿರಲಿಲ್ಲ. ಐದು ಬಿಲ್ಲೆಗಳನ್ನು ಟೀಚರ್ ಆಸಿಡ್ಡಿನಲ್ಲಿ ಕರಗಿಸಿದ್ದರು. ಲ್ಯಾಬಿನ ಬಾಗಿಲಲ್ಲಿ ಅವರು ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಬೆರಳ ತುದಿಗಳು ಕಪ್ಪಾಗಿದ್ದವು. ನನ್ನನ್ನು ನೋಡಿ ಸ್ವಲ್ಪ ನಕ್ಕರು. ನಾನು ಗಂಟೆ ಹೊಡೆಯಿತೆಂದು ಕ್ಲಾಸಿಗೆ ಹೋದೆ. ಗಂಟೆ ಹೊಡೆದಿರಲಿಲ್ಲ.

ಮದುವೆಯಾಗಿ ನಾನು ಮೈಸೂರಿಗೆ ಹೋದೆ. ಅವರು ಮದುವೆಗೆ ಅಗರಕ್ಕೆ ಬಂದು, ಒಂದು ಪಂಕ್ತಿಯ ಕೊನೆಯಲ್ಲಿ ಕೂತು ಊಟ ಮಾಡಿ, ಅಕ್ಷತೆ ಹಾಕಿ ಹೋದರೆಂದು ಅವ್ವ ಆಮೇಲೆ ಹೇಳಿದಳು. ಆ ಗಡಿಬಿಡಿಯಲ್ಲಿ ನಾನು ನೋಡಲೇ ಇಲ್ಲ.

ಮತ್ತೆ ಕಂಡದ್ದು ಒಮ್ಮೆ ಮಾತ್ರ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಗುವನ್ನು ಎತ್ತಿಕೊಂಡು ಯಳಂದೂರಿನಲ್ಲಿ ಅಗರದ ಬಸ್ಸಿಗೆ ಕಾಯುತ್ತಿದ್ದೆ. ಪರೀಕ್ಷೆಯ ಮೇಲ್ವಿಚಾರಣೆಗೆ ಬಂದಿದ್ದರಂತೆ, ಎದುರಿನ ಬಸ್ಸಿನಿಂದ ಇಳಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಕನ್ನಡ ಟೀಚರೇ" ಎಂದರು, ನಿನ್ನೆ ತಾನೇ ನೋಡಿದವರ ಹಾಗೆ. ಮಗುವಿನ ಬೆರಳು ಹಿಡಿದರು. "ಒಣ್ಣು, ರೆಂಡು, ಮೂಣು" ಎಂದು ಎಣಿಸಿದರು. ಮಗು ನಕ್ಕಿತು.

"ಮತ್ತೆ ಬೆಂಗಳೂರಿಗೆ ಹೋದ್ರಾ?" ಎಂದು ಕೇಳಿದೆ.

"ಎಲ್ಲಿಂದ... ಆದ್ರೆ ಒಂದು ಬಿಲ್ಲೆ ಇಟ್ಕೊಂಡಿದ್ದೀನಿ. ಮತ್ತೆ ಮಂಕು ಮಾಡಿ ಇಟ್ಟಿದ್ದೀನಿ. ಯಾರಾದ್ರೂ ಕೇಳಿದ್ರೆ ಇರಲಿ ಅಂತ." ಆಮೇಲೆ ಹೇಳಿದರು, "ನಾನೀಗ ಹನೂರಲ್ಲಿ ಚಿಕ್ಕಮ್ಮನ ಮನೇಲಿದ್ದೀನಿ. ಒಂದ್ಸಲ ಬನ್ನಿ. ಮೆಣಸಿನ ಸಾರು ಮಾಡ್ತೀನಿ."

"ಬರ್ತೀನಿ ಟೀಚರ್" ಎಂದೆ. ಬಸ್ಸು ಬಂತು. ಹೋಗಲಿಲ್ಲ. ಮಕ್ಕಳು, ಮನೆ, ಮೈಸೂರು, ಹೇಳಲು ಎಲ್ಲರಿಗೂ ಇರುವ ಕಾರಣಗಳೇ ನನಗೂ ಇದ್ದವು.

ಹತ್ತಾರು ವರ್ಷ ಕಳೆದ ಮೇಲೆ, ಕೊಳ್ಳೇಗಾಲದ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನಲ್ಲಿ ಮನೆಗೆ ಬಂದಳು. ಗಾಜಿನ ಕೊಳವೆ ನನ್ನ ಮುಖಕ್ಕೆ ಹಿಡಿದಿದ್ದ ಹುಡುಗಿಯೇ. ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾಳೆ. ಮಾತಿನ ನಡುವೆ ನಾನು ಹೆದರುತ್ತಲೇ ಕೇಳಿದೆ, ಬೆಳ್ಳಿಯ ಮಂಕಿಗೂ ಬೆಳಕಿಗೂ ಏನಾದರೂ ಸಂಬಂಧವಿದೆಯಾ ಎಂದು. ಅವಳಿಗೆ ಆಶ್ಚರ್ಯವಾಯಿತು.

"ಇದೆಯಲ್ಲ ಮಿಸ್! ನಿಮಗೆ ಹೇಗೆ ಗೊತ್ತು? ಬೆಳ್ಳಿ ಮೈ ಅತಿ ಸಣ್ಣದಾಗಿ ತರಿತರಿಯಾಗಿದ್ರೆ ಬೆಳಕು ಅಲ್ಲಿ ಎಷ್ಟೋ ಪಾಲು ಜಾಸ್ತಿಯಾಗುತ್ತೆ. ಹೊರದೇಶಗಳಲ್ಲಿ ಕಂಡುಹಿಡಿದರು. ಈಗ ಎಲ್ಲ ಕಡೆ ಅದರದ್ದೇ ಕೆಲಸ."

"ಉಜ್ಜಿಬಿಟ್ಟರೆ?"

"ಉಜ್ಜಿದ್ರೆ ಹೋಯ್ತು, ಅಷ್ಟೇ."

ಆ ವಾರವೇ ಹನೂರಿಗೆ ಹೊರಟೆ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ಆ ಬೀದಿಗೆ ಹೋಗೋಣವೆನ್ನಿಸಿದರೂ ಹೋಗಲಿಲ್ಲ, ಹೊತ್ತಾಗುತ್ತದೆಂದು. ಹನೂರಿನಲ್ಲಿ ಕೇಳಿ ಕೇಳಿ ಮನೆ ಹುಡುಕಿದೆ. ಜಗಲಿಯ ಮೇಲೆ ಒಬ್ಬ ಹೆಂಗಸು ಸೊಪ್ಪು ಸೋಸುತ್ತಿದ್ದಳು. ಟೀಚರ್ ಇದ್ದಾರಾ ಎಂದೆ.

"ಟೀಚರಮ್ಮನಾ? ಓಗ್ಬುಟ್ರಲ್ಲವ್ವ, ಓದ್ ವರ್ಸ. ಮೂರೇ ದಿನ ಜರ. ಒಬ್ರೇ ಇದ್ರು ಪಾಪ, ನಮ್ಗೂ ಗೊತ್ತಾಗ್ಲಿಲ್ಲ. ಸಾಮಾನೆಲ್ಲ ನೆಂಟ್ರು ಬಂದು ತಕಂಡೋದ್ರು. ನಾವು ಈಗ ಬಾಡ್ಗೆಗಿದೀವಿ." ಒಳಗಿನಿಂದ ನೀರು ತಂದುಕೊಟ್ಟು, ನನ್ನ ಮುಖ ನೋಡಿ ಕೇಳಿದಳು. "ನೀವ್ ಏನಾಗ್ಬೇಕವ್ವ ಅವ್ರಿಗೆ?"

ಸ್ನೇಹಿತೆ ಎನ್ನಲು ಬಾಯಿ ಬರಲಿಲ್ಲ. "ಪಕ್ಕದ ಮನೆಯವಳು" ಎಂದೆ.

ಮೂರು ದಿನ ಜ್ವರ. ಬೆಳಿಗ್ಗೆಯಿಂದ ಸದ್ದಿಲ್ಲವಲ್ಲ ಎಂದು ಯಾರೂ ಬಾಗಿಲು ತಟ್ಟಲಿಲ್ಲ...

ಈಗ ನನಗೂ ಎಂಬತ್ತು ಹತ್ತಿರವಾಯಿತು. ಆವತ್ತು ಹನೂರಿಗೆ ನಾನು ಹೊತ್ತುಕೊಂಡು ಹೋದದ್ದು ಎರಡು ಮಾತು. ನೀವು ಕಂಡದ್ದು ನಿಜವಾಗಿತ್ತು ಎಂಬುದು ಒಂದು. ಆ ಸಂಜೆಗಳಲ್ಲಿ ನಾನು ಒಳಗೇ ಇದ್ದೆ ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಹೇಳದಿದ್ದರೂ ನಡೆಯುತ್ತದೆ, ಪುಸ್ತಕಗಳಲ್ಲಿ ಬಂದಿದೆಯಂತೆ, ಅವರ ಹೆಸರಿಲ್ಲದೆ. ಎರಡನೆಯದು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಅದು ಗೊತ್ತಿದ್ದವರು ನಾವಿಬ್ಬರೇ. ಈಗ ನಾನೊಬ್ಬಳೇ.